ಎದುರಂಗಡಿ ಷಡ್ಡಕ ಮತ್ತು ಕಲ್ಲಿಕೋಟೆ ಬಂಗುಡೆ

ಸಮುದ್ರವನ್ನೇ ಕಾಣದ ಊರಿನಲ್ಲಿ ಸಮುದ್ರದ ಮೀನು ಮಾರಲು ಕೂತವನಿಗೆ, ಗಿರಾಕಿ ಬಂದರೂ ಬರದಿದ್ದರೂ ತಮಾಷೆಗೆ ಬರವಿಲ್ಲ. ಗುಂಡ್ಲುಪೇಟೆಯಲ್ಲಿ ನನ್ನದು ಮೀನಂಗಡಿ. ರಾತ್ರಿ ಮುಚ್ಚುವ ಕಾಡಿನ ಗೇಟು ಬೆಳಿಗ್ಗೆ ತೆಗೆದ ಮೇಲೆ ಕಲ್ಲಿಕೋಟೆಯ ವ್ಯಾನು ಬಂದು ಬಂಗುಡೆ, ಮತ್ತಿ ಮೀನು ಇಳಿಸುತ್ತದೆ. ಬಹಳ ವರ್ಷ ಆ ರಸ್ತೆಗೆ ನಾನೊಬ್ಬನೇ ರಾಜ. ಆಮೇಲೆ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ನೇರ ಎದುರಿಗೇ ಅಂಗಡಿ ಇಟ್ಟ. ಅಂದಿನಿಂದ ನನ್ನ ಕಣ್ಣು ನನ್ನ ತಕ್ಕಡಿಗಿಂತ ಅವನ ತಕ್ಕಡಿಯ ಮೇಲೇ ಹೆಚ್ಚು. ಭಯ ಒಂದೇ. ಊಟಿ ರಸ್ತೆಯ ಮೆಸ್ಸಿನ ಯಜಮಾನರು ದಿನಕ್ಕೊಂದು ಬಾಕ್ಸು ಮೀನು ಒಯ್ಯುತ್ತಿದ್ದರು. ಅವರೊಬ್ಬರು ರಸ್ತೆ ದಾಟಿದರೆ ನನ್ನ ಅಂಗಡಿಯ ಅರ್ಧ ಜೀವ ಹೋದಂತೆ.

ಸಪ್ಪೆ ಸಾರು

ಹರವೆ ಊರ ಕಡೆಯ ಹೆಂಗಸೊಬ್ಬಳು ಮೀನು ಒಯ್ದ ಮಾರನೇ ದಿನ ಜಗಳಕ್ಕೇ ಬಂದಳು.

"ಏನಣ್ಣ, ಕೆರೆ ಮೀನ್ನ ಸಮುದ್ರದ್ದು ಅಂತ ಕೊಟ್ಬುಟ್ಟಿದ್ದೀಯಲ್ಲ? ಸಾರು ಸಪ್ಪೆ!"

"ಉಪ್ಪು ಎಷ್ಟು ಹಾಕಿದ್ದೆ ತಾಯಿ?"

"ಉಪ್ಪು ಯಾಕ್ ಆಕ್ಲಿ? ಉಟ್ದಾಗಿಂದ ಉಪ್ನೀರಲ್ಲೇ ಬಿದ್ದಿರೋ ಮೀನಲ್ವಾ ಅದು?"

ನಾನು ನಕ್ಕು ಮುಗಿಸುವಷ್ಟರಲ್ಲಿ ಎದುರಿನಿಂದ ಷಡ್ಡಕ ಕೂಗಿದ. "ಬಾ ಅಕ್ಕ, ನಮ್ ಮೀನಲ್ಲಿ ಉಪ್ಪಿರ್ತದೆ!"

ಹೋದಳು. ಅವನು ಒಳಗೆ ಹೋಗಿ ಬಂಗುಡೆಗೆ ಕಲ್ಲುಪ್ಪು ತಿಕ್ಕಿ ತಂದುಕೊಟ್ಟ. ವಾರ ಬಿಟ್ಟು ಆಕೆ ನನ್ನ ಮುಂದೆಯೇ ಹಾದು, "ಸಮುದ್ರದ ಮೀನು ಅಂದ್ರೆ ಅದು, ನೋಡಿ ಕಲ್ತ್ಕೊ" ಎಂದಳು. ಅವನು ಮಾಡಿದ್ದು ಮೋಸ, ನಿಜ. ಆದರೆ ಅದು ನನಗೆ ಮೊದಲು ಹೊಳೆಯಲಿಲ್ಲವಲ್ಲ ಎಂದು ಎರಡು ದಿನ ನಿದ್ದೆ ಬರಲಿಲ್ಲ.

ಬಲೆ

ಷಡ್ಡಕ ಸ್ಪೀಕರ್ ಇಟ್ಟು ಮೊಬೈಲಿನಿಂದ ಅಲೆಯ ಸದ್ದು ಹಾಕತೊಡಗಿದ. ಬಸ್ಸಿಗೆ ಹೊರಟವರೆಲ್ಲ ಅಲ್ಲೇ ನಿಂತು ಸಮುದ್ರ ಕೇಳುತ್ತಿದ್ದರು. ಒಂದು ದಿನ ಅವರ ನಡುವೆ ಮೆಸ್ಸಿನ ಯಜಮಾನರ ತಲೆಯೂ ಕಂಡಿತು. ವ್ಯಾನಿನವನಿಗೆ ಹೇಳಿ ನಿಜವಾದ ಮೀನುಬಲೆ ತರಿಸಿ ಅಂಗಡಿ ಮುಂದೆ ಇಳಿಬಿಟ್ಟೆ.

ಜನ ಸೇರಿದರು. ಕಾಡಂಚಿನ ಊರಿನ ರೈತನೊಬ್ಬ ಬಲೆ ಎಳೆದೆಳೆದು ನೋಡಿದ.

"ಒಲಕ್ಕೆ ನುಗ್ಗೋ ಕಾಡಂದಿ ತಡೀತದಾ ಇದು?"

"ಮೀನು ಹಿಡಿಯೋ ಬಲೆ ಕಣಪ್ಪ."

"ಮೀನ್ನೇ ಬುಡದು ಅಂದ್ಮೇಲೆ ಅಂದಿ ಬುಟ್ಟಾದಾ? ಒಂದ್ ಮಾರುದ್ದಕ್ಕೆ ಎಷ್ಟು ಯೋಳು."

ಸಂಜೆಯೊಳಗೆ ಬಲೆ ಪೂರ್ತಿ ಮಾರಿ ಖಾಲಿ. ಬಂಗುಡೆ ಹಾಗೇ ಇತ್ತು. ಷಡ್ಡಕ ಶಟರ್ ಎಳೆಯುತ್ತಾ ಕೇಳಿದ, "ಅಣ್ಣ, ನಾಳೆಯಿಂದ ಗುದ್ಲಿ, ಪಿಕಾಸಿನೂ ಮಡಗ್ತೀಯಾ?"

ಮೊದಲ ವ್ಯಾನು

ಮಳೆಗಾಲದಲ್ಲಿ ಮೀನು ಮರಿ ಮಾಡುವ ಕಾಲ, ದೊಡ್ಡ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ನಮ್ಮಿಬ್ಬರ ಅಂಗಡಿಯಲ್ಲೂ ನೊಣ ಮಾತ್ರ. ನಿಷೇಧ ಮುಗಿದು ಬರುವ ಮೊದಲ ವ್ಯಾನು ಷಡ್ಡಕನಿಗೆ ದಕ್ಕಬಾರದೆಂದು ಡ್ರೈವರನ್ನು ಒಳಗಿಂದೊಳಗೇ ಒಪ್ಪಿಸಿ, ಪೂರ್ತಿ ಲೋಡು ನಾನೇ ಇಳಿಸಿಕೊಂಡೆ. ಅವನು ಎದುರಿಗೆ ನಿಂತು ಬಾಕ್ಸು ಎಣಿಸಿ, ಶಟರ್ ಎಳೆದು ಮನೆಗೆ ಹೋದ. ಯಾಕೆಂದು ತಿಳಿದದ್ದು ಅವನು ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಬಂದಾಗ.

"ಮೊದಲ್ನೇ ಶ್ರಾವಣ ಶನಿವಾರ ಅಣ್ಣ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೊಂಟಿವ್ನಿ. ಬತ್ತೀಯಾ, ಇಲ್ಲ ವ್ಯಾಪಾರ ಜೋರಾ?"

ಊರಿಗೆ ಊರೇ ಬೆಟ್ಟದ ದಾರಿಯಲ್ಲಿತ್ತು. ಮೆಸ್ಸಿನ ಯಜಮಾನರೂ ನಾಮ ಇಟ್ಟುಕೊಂಡು ಬಂದು, "ಇನ್ನು ಮೀನು ಶ್ರಾವಣ ಮುಗಿದ್ಮೇಲೇ ಕಣಪ್ಪ" ಎಂದು ಹೋದರು. ಅಂದು ಬಂದ ಗಿರಾಕಿಗಳು ಮೂರೇ. ಮೂರೂ ಬೆಕ್ಕು.

ಎರಡು ಡಬ್ಬಿ

ಶ್ರಾವಣ ಮುಗಿಯಿತು. ಷಡ್ಡಕ ನೇರವಾಗಿ ಮೆಸ್ಸಿಗೇ ಹೋಗಿ ಮೀನು ತಾನು ಕೊಡುತ್ತೇನೆಂದ. ನಾನೂ ಓಡಿದೆ. ಇಬ್ಬರ ಕಿತ್ತಾಟ ನೋಡಿ ಯಜಮಾನರು, "ನಿಮ್ ನಿಮ್ ಮೀನಲ್ಲಿ ಮನೇಲಿ ಸಾರು ಮಾಡ್ಸಿ ತನ್ನಿ. ರುಚಿ ನೋಡಿ ಹೇಳ್ತೀನಿ" ಎಂದರು.

ನಾನು ಇದ್ದುದರಲ್ಲಿ ದಪ್ಪ ಬಂಗುಡೆ ಆರಿಸಿ ಮನೆಗೆ ಕಳಿಸಿದೆ. ಅವನೂ ಕಳಿಸಿದ. ಮಧ್ಯಾಹ್ನ ನಾವು ಕಾಯುತ್ತಿದ್ದ ಮೆಸ್ಸಿಗೆ ನಮ್ಮ ಹೆಂಡತಿಯರು, ಅಕ್ಕತಂಗಿಯರಿಬ್ಬರೂ, ಒಂದೇ ಆಟೋದಲ್ಲಿ ಡಬ್ಬಿ ಹಿಡಿದು ಬಂದರು. ಯಜಮಾನರು ಮುದ್ದೆ ಮುರಿದು ನನ್ನ ಡಬ್ಬಿಯ ಸಾರು ಉಂಡರು. "ಅಬ್ಬಾ!" ಅಂದರು. ಅವನದ್ದು ಉಂಡರು. ಅದಕ್ಕೂ "ಅಬ್ಬಾ!" ಮತ್ತೆ ಇದು, ಮತ್ತೆ ಅದು.

"ಏನ್ರವ್ವ, ಎರಡೂ ಒಂದೇ ಥರ ಇದೆಯಲ್ಲ?"

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು, "ಒಂದೇ ಪಾತ್ರೇದು ಯಜಮಾನ್ರೇ. ಅಮ್ಮನ ಮನೇಲಿ ಒಟ್ಟಿಗೇ ಮಾಡ್ಬುಟ್ವಿ" ಎಂದಳು.

"ಯಾರ ಅಂಗಡಿ ಮೀನು?" ನಾವಿಬ್ಬರೂ ಒಟ್ಟಿಗೇ ಕಿರುಚಿದೆವು.

"ಇಬ್ರುದೂ ಅಲ್ಲ. ನಿಮ್ ಸಮುದ್ರದ ಮೀನಿನ ವಾಸನೆ ಅಮ್ಮನಿಗೆ ಆಗಲ್ಲ. ಕೆರೆ ಮೀನು ತಂದು ಮಾಡುದ್ವಿ."

ಯಜಮಾನರು ಬೆರಳು ನೆಕ್ಕಿಕೊಂಡರು. "ಸರಿಹೋಯ್ತು. ನಾಳೆಯಿಂದ ಮೆಸ್ಸಿಗೆ ಕೆರೆ ಮೀನೇ."

ವಾಪಸು ಬರುವಾಗ ಆಟೋದಲ್ಲಿ ನನಗೆ ತಡೆಯಲಾಗದಷ್ಟು ನಗು. ಹೆಂಡತಿ ಗಾಬರಿಯಾದಳು. "ಮೆಸ್ಸು ಕೈ ಬಿಟ್ಟೋಯ್ತಲ್ರೀ, ನಗ್ತಾ ಕೂತಿದ್ದೀರಲ್ಲ?"

"ಅವನಿಗೂ ಸಿಗಲಿಲ್ವಲ್ಲೇ!"