ಸಣ್ಣ ಸಾವಕಾರನ ಎರಡನೇ ಮೂಗು

ಹಾವೇರಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ನೋಡುವ ಕೆಲಸವನ್ನು ಮಷಿನ್ ಮಾಡುತ್ತದೆ. ನಾನು ನೋಡುವುದು ಮೂಗು. ಕನ್ನಡಕ ಕೂರುವುದು ಅದರ ಮೇಲೆ ತಾನೆ. ಮೂವತ್ತು ವರ್ಷ ಜನರ ಮೂಗನ್ನು ಗೇಣು ದೂರದಿಂದ ನೋಡಿದವನ ಮುಂದೆ ದಿನಕ್ಕೊಂದು ತಮಾಷೆ ನಡೆದೇ ನಡೆಯುತ್ತದೆ. ಎಲ್ಲ ಹೇಳಿದರೆ ಗಿರಾಕಿಗಳು ಉಳಿಯುವುದಿಲ್ಲ, ಒಂದೇ ಮೂಗಿನದು ಹೇಳುತ್ತೇನೆ. ಮೂಗಿನವನ ಹೆಂಡತಿ ಇದಕ್ಕೆ ಅಪ್ಪಣೆ ಕೊಟ್ಟಿದ್ದಾರೆ. ಅವನನ್ನು ನಾವು ಕೇಳಿಲ್ಲ.

ಉಪ್ಪಿಟ್ಟಿನ ಕಾಯಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ದೊಡ್ಡ ಸಾವಕಾರರದು ಪೇಟೆಯಲ್ಲೇ ಹೆಸರಾದ ಮೂಗು. ನಡುವೆ ದಿಬ್ಬ, ತುದಿ ಮೀಸೆಯವರೆಗೆ ಬಾಗಿತ್ತು. ಚೀಲದ ಬಾಯಿ ಬಿಚ್ಚಿ ಒಮ್ಮೆ ಮೂಸಿದರೆ ಕಾಯಿ ಈ ವರ್ಷದ್ದೋ ಹೋದ ವರ್ಷದ್ದೋ ಹೇಳಿಬಿಡುತ್ತಿದ್ದರು. ಅವರ ಮಗ, ನನ್ನ ಶಾಲೆಯ ಗೆಳೆಯ, ಆ ಮೂಗನ್ನೂ ಆ ವಿದ್ಯೆಯನ್ನೂ ಒಟ್ಟಿಗೆ ಪಡೆದವನು. ಅವನನ್ನು ಎಲ್ಲರೂ ಸಣ್ಣ ಸಾವಕಾರ ಅನ್ನುತ್ತಾರೆ.

ರಾಣೆಬೆನ್ನೂರಿನ ಬೀಜದ ಅಂಗಡಿಯವರ ಮಗಳನ್ನು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಗೆ ಹೋದಳು. ಇವನು ತಟ್ಟೆಯನ್ನು ಮೂಗಿನವರೆಗೆ ಎತ್ತಿ, ಹುಡುಗಿಯ ಅಪ್ಪನಿಗೆ ಹೇಳಿದ.

"ಒಗ್ಗರಣಿಗೆ ಹಾಕಿದ ಕಾಯಿ ಹ್ವಾದ ವರ್ಷದ್ದೈತ್ರಿ. ಸ್ವಲ್ಪ ತಂಪ ಹಿಡದೈತಿ."

ಅವರು ಎದ್ದು ಅಡುಗೆಮನೆಗೆ ಹೋಗಿ ಡಬ್ಬಿ ಮೂಸಿ ಬಂದು, ಖರೇ ಐತಿ ಎಂದು ತಲೆಯಾಡಿಸಿದರು. ಬಾಗಿಲ ಹಿಂದಿನಿಂದ ಹುಡುಗಿ ಕಿಸಕ್ಕನೆ ನಕ್ಕದ್ದು ಪಡಸಾಲೆಗೆಲ್ಲ ಕೇಳಿಸಿತು.

ಸಂಬಂಧ ಕುದುರಿತು, ನಾಲ್ಕು ತಿಂಗಳಿಗೆ ಮದುವೆ ಗೊತ್ತಾಯಿತು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಇವನ ಮುಖ ಜೋತುಬಿದ್ದಿತ್ತು. ಅವಳು ನನ್ನ ಮೂಗು ನೋಡಿ ನಕ್ಕಳು ಎಂದು ಒಂದೇ ಹಟ. ಉಪ್ಪಿಟ್ಟಿಗೆ ನಕ್ಕಳು ಅಂತ ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಣಸಿನಕಾಯಿಯ ವಯಸ್ಸು ಮೂಸಿ ಹೇಳುವ ಜಾಣನಿಗೆ ಒಂದು ನಗುವಿನ ಅರ್ಥ ತಿಳಿಯಲಿಲ್ಲ.

ಮೋಟೆಬೆನ್ನೂರಿನ ಗುಂಡಿ

ಮುಂದಿನ ತಿಂಗಳು ಇವನು ಗುಂಟೂರಿನ ಮಾರ್ಕೆಟ್ ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ದೂರದ ದೊಡ್ಡ ಊರಿನಲ್ಲಿ ಮೂಗು ತಿದ್ದುವ ಡಾಕ್ಟರರ ಮುಂದೆ ಕೂತ. ಅವನು ಕೇಳಿದ್ದು ವ್ಯಾಪಾರಸ್ಥನ ಪ್ರಶ್ನೆ: ಇದು ಎಷ್ಟು ವರ್ಷ ತಡೆಯುತ್ತದೆ? ನಾನು ಮಾಡಿದ್ದು ಉಳಿಯುತ್ತದೆ, ಆದರೆ ಮೂಗಿಗೂ ವಯಸ್ಸಾಗುತ್ತದೆ ಎಂದರಂತೆ ಡಾಕ್ಟರು. ಇವನು ಮೊದಲ ಅರ್ಧ ಕೇಳಿ ಮಂಚ ಹತ್ತಿ ಮಲಗಿದ.

ಮೂಗಿಗೆ ಪಟ್ಟಿ ಸುತ್ತಿಕೊಂಡು ಬಂದವನು, ಬಸ್ಸಿಳಿದು ಬೈಕಿನಲ್ಲಿ ಬರುವಾಗ ಮೋಟೆಬೆನ್ನೂರು ಕ್ರಾಸಿನ ಗುಂಡಿಯಲ್ಲಿ ಬಿದ್ದೆ ಎಂದ. ಮದುವೆಯ ಮುಂದೆ ಅಪಶಕುನ ಬೇಡವೆಂದು ಹಿರಿಯರು ಬೀಗರಿಗೆ ಸುದ್ದಿ ಮುಟ್ಟಿಸಲಿಲ್ಲ. ಆದರೆ ಮೋಟೆಬೆನ್ನೂರಿನ ನೆಂಟರಿಗೆ ಮರ್ಯಾದೆಯ ಪ್ರಶ್ನೆಯಾಯಿತು. ನಮ್ಮೂರಲ್ಲಿ ಮದುಮಗ ಬೀಳುವುದೆಂದರೇನು ಎಂದು, ಯಾವ ಗುಂಡಿ ತೋರಿಸು ಅಂದರು. ಇವನು ಅಂದಾಜಿನ ಮೇಲೆ ಒಂದಕ್ಕೆ ಬೆರಳು ಮಾಡಿದ. ಎಷ್ಟು ಅರ್ಜಿ ಕೊಟ್ಟರೂ ಮುಚ್ಚದ ಆ ಗುಂಡಿಗೆ ಮರುದಿನವೇ ಒಂದು ಟ್ರ್ಯಾಕ್ಟರ್ ಗರಸು ಮಣ್ಣು ಬಿತ್ತು.

ಕ್ರಾಸಿನ ಆಚೆ ಮನೆಯಿದ್ದ ಒಬ್ಬರು ನನ್ನ ಅಂಗಡಿಗೆ ಬಂದಾಗ ಬೇಸರ ಮಾಡಿಕೊಂಡರು. "ನಮ್ಮ ಮನಿ ಮುಂದನೂ ಒಮ್ಮೆ ಬೀಳಾಕ ಹೇಳ್ರಿ ನಿಮ್ಮ ಗೆಳೆಯಾಗ," ಎಂದರು.

ಅಗಡಿಯ ಅಜ್ಜಿಯ ಬೇಡಿಕೆ

ಡಾಕ್ಟರು ಎರಡು ಕಟ್ಟಪ್ಪಣೆ ಮಾಡಿದ್ದರು. ಕೆಲವು ವಾರ ಸೀನಬಾರದು, ಮೂಗಿನ ಮೇಲೆ ಕನ್ನಡಕ ಇಡಬಾರದು. ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಗೆ ಕಾಲಿಟ್ಟರೆ ನಾಯಿಯೂ ಸೀನುತ್ತದೆ. ಕನ್ನಡಕವಿಲ್ಲದಿದ್ದರೆ ಇವನಿಗೆ ಎದುರಿನ ಎತ್ತೂ ಕಾಣುವುದಿಲ್ಲ. ಬೇರೆ ದಾರಿ ಕಾಣದೆ ನನ್ನ ಅಂಗಡಿಗೆ ಬಂದು, ತಾಯಿಯ ಆಣೆ ಹಾಕಿಸಿ ನಿಜ ಹೇಳಿದ. ನಾನು ಕನ್ನಡಕವನ್ನು ಮೂಗಿಗೆ ತಾಗದಂತೆ ಹಣೆಗೆ ಟೇಪು ಹಚ್ಚಿ ಅಂಟಿಸಿದೆ. ಸಂಜೆಯವರೆಗೆ ಮೂಲೆಯ ಕುರ್ಚಿಯಲ್ಲಿ ಕೂರುವುದೇ ಅವನ ದಿನಚರಿಯಾಯಿತು.

ಅಗಡಿಯಿಂದ ಒಬ್ಬ ಅಜ್ಜಿ ಚಾಳೀಸು ಕೊಳ್ಳಲು ಬಂದಳು. ನಾನು ತೋರಿಸಿದ್ದೆಲ್ಲ ಮೂಗು ಒತ್ತುತ್ತದೆ ಎಂದು ಬದಿಗಿಟ್ಟು, ಮೂಲೆಯಲ್ಲಿದ್ದವನನ್ನು ಬಹಳ ಹೊತ್ತು ನೋಡಿದಳು. "ಅವ್ರಿಗೆ ಕೊಟ್ಟೀಯಲ್ಲಪ್ಪಾ, ಹಣಿಗೆ ಹಚ್ಚೂದು, ಅಂಥಾದ್ದ ಕೊಡು," ಎಂದಳು. ಇಲ್ಲ ಅಂದದ್ದಕ್ಕೆ, ಸಾವಕಾರರಿಗೊಂದು ಬಡವರಿಗೊಂದು ಎಂದು ಬೈದು ಹೋದಳು.

ಅಂತೂ ಮದುವೆಯ ಹೊತ್ತಿಗೆ ಪಟ್ಟಿ ಹೋಗಿ ನೆಟ್ಟನೆಯ ಹೊಸ ಮೂಗು ಹೊರಬಿತ್ತು. ಅಂತರಪಟ ಸರಿದಾಗ ಮದುಮಗಳು ಇವನ ಮುಖ ನೋಡಿ ಬೆಚ್ಚಿ, ಹಿಂದೆ ತಿರುಗಿ ಅಪ್ಪನ ಮುಖ ನೋಡಿದಳು. ಸುತ್ತಲಿದ್ದವರು ಅದನ್ನು ನಾಚಿಕೆ ಎಂದರು. ಆಮೇಲೆ ಅವಳಿಗೂ ಗುಂಡಿಯ ಕತೆಯನ್ನೇ ಹೇಳಲಾಯಿತು. ಬಿದ್ದು ನೆಟ್ಟಗಾದ ಮೂಗು ಎಲ್ಲಾದರೂ ಉಂಟೇ ಎಂದು ಒಬ್ಬರೂ ಕೇಳಲಿಲ್ಲ. ದೇವರು ದೊಡ್ಡವನು ಅಂದು ಊಟಕ್ಕೆ ಕೂತರು.

ಸ್ಯಾಂಪಲ್ ಒಂದು, ಮಾಲು ಒಂದು

ಇಪ್ಪತ್ತು ವರ್ಷ ಮೂಗು ಹೇಳಿದ ಮಾತು ಕೇಳಿತು. ನಲವತ್ತೈದು ದಾಟಿದ ಮೇಲೆ ಇವನು ತಿಂಗಳಿಗೊಮ್ಮೆ ಬಂದು ನನ್ನ ಫ್ರೇಮನ್ನು ಬೈಯತೊಡಗಿದ. ಒಮ್ಮೆ ಜಾರುತ್ತದೆ, ಒಮ್ಮೆ ಒತ್ತುತ್ತದೆ. ಮೂರು ಫ್ರೇಮು ಬದಲಿಸಿ ನಾಲ್ಕನೆಯ ಸಲ ಕನ್ನಡಿ ಮುಂದೆ ಹಿಡಿದೆ. ತೊಗಲು ತೆಳುವಾಗಿ, ಕೆತ್ತಿದ ದಿಬ್ಬದ ಜಾಗದಲ್ಲಿ ಸಣ್ಣ ಗಂಟು ತಲೆಯೆತ್ತಿತ್ತು. ತುದಿ ಕೆಳಗಿಳಿದು ಮೀಸೆಗೆ ಹತ್ತಿರವಾಗಿತ್ತು. ಪೇಟೆಯಲ್ಲಿ ಆಗಲೇ, ತೀರಿಹೋದ ದೊಡ್ಡ ಸಾವಕಾರರೇ ಎದ್ದು ಬಂದಂತಿದೆ ಎಂದು ಹಳೆಯ ಹಮಾಲರು ಕೈ ಮುಗಿಯತೊಡಗಿದ್ದರಂತೆ. ಮೆಣಸಿನಕಾಯಿಯ ಬಣ್ಣ ಉಳಿಸಲು ಕೋಲ್ಡ್ ಸ್ಟೋರೇಜ್ ಕಟ್ಟಿಸಿದ ಊರಿಗೆ ಒಂದು ಮೂಗು ಉಳಿಸಲಾಗಲಿಲ್ಲ.

ಇವನು ಗುಟ್ಟಾಗಿ ಅದೇ ಡಾಕ್ಟರರಲ್ಲಿಗೆ ಓಡಿದ. ತೋರಿಸಿದ ಸ್ಯಾಂಪಲ್ ಒಂದು, ಬಂದ ಮಾಲು ಒಂದು ಎಂದು ಜಗಳ ತೆಗೆದ. ಅವರು ಶಾಂತವಾಗಿ, ವಯಸ್ಸಿಗೆ ತುದಿ ಎಲ್ಲರದೂ ಇಳಿಯುತ್ತದೆ, ಬೇಕಾದರೆ ಇನ್ನೊಮ್ಮೆ ತಿದ್ದೋಣ ಎಂದರಂತೆ. ಇವನು ಒಪ್ಪದೆ ಎದ್ದು ಬಂದ.

ಯಾಕೆ ಒಪ್ಪಲಿಲ್ಲ ಎಂದು ಕೇಳಿದೆ. "ಡಾಕ್ಟರ್ ಮೂಗ ನೋಡಿದೆ," ಅಂದ. "ನನಗಿಂತಾ ಕೆಳಗ ಬಂದೈತಿ."

ಮಗಳ ಮೂಗು

ಈಗ ಅವನ ಮಗಳ ಸರದಿ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಜಾಣೆ. ಅಜ್ಜನ ಮೂಗನ್ನು ದಿಬ್ಬ ಸಮೇತ ಹೊತ್ತು ಹುಟ್ಟಿದ್ದಾಳೆ. ನೋಡಲು ಬಂದ ಗಂಡಿನ ಕಡೆಯವರು ಒಮ್ಮೆ ಮೂಗು ಮುರಿದು ಹೋದದ್ದೇ ನೆಪವಾಗಿ, ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡುಬಿಟ್ಟಳು. ಅಪ್ಪ ಊಟ ಬಿಟ್ಟ, ಬೈದ, ದೇವರು ಕೊಟ್ಟ ಮೂಗು ಅಂದ. ಅವಳು ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಆಪರೇಷನ್ ಆದ ಮೂಗಿನ ಮೇಲೆ ಕನ್ನಡಕ ನಿಲ್ಲುವುದಿಲ್ಲ ಎಂದು ನನ್ನ ಬಾಯಿಂದ ಹೇಳಿಸಲು ಹೆಂಡತಿ ಮಗಳಿಬ್ಬರನ್ನೂ ಅಂಗಡಿಗೆ ಕರೆತಂದ.

"ಅಪ್ಪಾ, ನಿನ್ನ ಮದುವಿ ಫೋಟೋದಾಗ ಮೂಗ ನೆಟ್ಟಗ ಐತಿ. ಇಂಥಾ ಮೂಗ ಹೊತ್ತವ್ರ ತ್ರಾಸ ನಿನಗೇನ ಗೊತ್ತು?" ಎಂದಳು ಮಗಳು.

ಇವನು ನನ್ನ ಕಡೆ ನೋಡಿದ. ಆಣೆ ಹಾಕಿದ್ದ ನಾನು ಇಲ್ಲದ ಧೂಳನ್ನು ಲೆನ್ಸಿನಿಂದ ಒರೆಸುತ್ತ ನಿಂತೆ. ಅವನು ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಗುಟ್ಟು ಹೋಗುತ್ತದೆ, ಬಿಡದಿದ್ದರೆ ಮಗಳ ಮೂಗು ಹೋಗುತ್ತದೆ. ನನ್ನ ಗೆಳೆಯ ಹೆದರುಪುಕ್ಕಲ ಎಂದೇ ನಾನು ತಿಳಿದಿದ್ದೆ. ಅವತ್ತು ಆ ಮಾತು ವಾಪಸ್ ತಗೊಂಡೆ. ಉಪ್ಪಿಟ್ಟಿನಿಂದ ಹಿಡಿದು ಡಾಕ್ಟರರ ಮೂಗಿನವರೆಗೆ ಎಲ್ಲ ಹೇಳಿದ. ಹೆಂಡತಿಯ ಮುಖ ನೋಡಲು ಮಾತ್ರ ಧೈರ್ಯ ಬರಲಿಲ್ಲ.

ಅವರು ತಣ್ಣಗೆ ಹೇಳಿದರು. "ನನಗ ಅವತ್ತ ಗೊತ್ತಾಗಿತ್ರಿ. ಬಿದ್ರ ಮೂಗ ಸೊಟ್ಟ ಆಗತಾವ, ನೆಟ್ಟಗ ಆಗೂದಿಲ್ಲ. ಅಂತರಪಟ ಸರದಾಗ ಗಂಡು ಬದಲ ಮಾಡ್ಯಾರ ಅಂತ ಎದಿ ಒಡದಿತ್ತು."

ಉಪ್ಪಿಟ್ಟಿನ ದಿನ ನಕ್ಕದ್ದರ ಮಾತೂ ಬಂತು. ಈ ವರ್ಷದ ಕಾಯಿ ಎಂದು ಅವರವ್ವ ಬೆಳಿಗ್ಗೆಯಿಂದ ಜಂಬ ಕೊಚ್ಚಿದ್ದರಂತೆ. ಆ ಮೂಗು ಒಂದೇ ಏಟಿಗೆ ಸುಳ್ಳು ಹಿಡಿದದ್ದಕ್ಕೇ ಇವರು ಮದುವೆಗೆ ಹೂಂ ಅಂದದ್ದಂತೆ.

ಹಾಗಿದ್ದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಮಗಳು ಕೇಳಿದಳು. "ಹಳೇ ಮೂಗ ಛಲೋ ಇತ್ತು ಅಂತ ಹೇಳಿದ್ರ ಮತ್ತೊಮ್ಮೆ ಕೊಯ್ಸಿಕೊಂಡ ಬರ್ತಿದ್ರು," ಎಂದರು ತಾಯಿ. ಮಗಳು ನಗುತ್ತಲೇ ಫೋನ್ ತೆಗೆದು ಆಪರೇಷನ್ ರದ್ದು ಮಾಡಿದಳು.

ಸಣ್ಣ ಸಾವಕಾರ ಇನ್ನೂ ತಲೆ ತಗ್ಗಿಸಿಯೇ ಕೂತಿದ್ದ. ಹೆಂಡತಿ ಅವನ ಗದ್ದ ಹಿಡಿದು ಮುಖ ಎತ್ತಿ, ಜಾರಿದ್ದ ಕನ್ನಡಕವನ್ನು ಗಂಟಿನ ಮೇಲೆ ಕೂರಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು. ಆಮೇಲೆ ನನಗೆ ಹೇಳಿದರು.

"ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ. ನಾ ಒಪ್ಪಿದ ಗಂಡು ಈಗ ಬಂದಾನ."