ನಲವತ್ತು ಪಟ್ಟು ಹಿಗ್ಗಿಸಿ ತೋರಿಸುವ ಗಾಜಿಗೊಂದು ದೂರು

ಮಾನ್ಯ ಹಿಗ್ಗಿಸುವ ಗಾಜಿನವರೇ,

ಥಂಡರ್ ಬೇ ಊರಿನ ಧಾನ್ಯದ ಗೋದಾಮಿನಲ್ಲಿ ಗೋಧಿ ಪರೀಕ್ಷಕನಾಗಿರುವ ಎಲಿಸ್ ಹಕಾಲ ಎಂಬ ನಾನು, ವಜ್ರದುಂಗುರಗಳ ಆನ್‌ಲೈನ್ ಅಂಗಡಿಯೊಂದರಲ್ಲಿ ಬಿಡುವಿಲ್ಲದೆ ಸೇವೆ ಸಲ್ಲಿಸುತ್ತಾ, ಜೋಳದ ಕಾಳಿನಷ್ಟು ಹರಳನ್ನು ಕುಂಬಳಕಾಯಿಯಷ್ಟು ಮಾಡಿ ಗಿರಗಿರನೆ ತಿರುಗಿಸಿ ತೋರಿಸುವ ತಮಗೆ ನಡು ಬಗ್ಗಿಸಿ ವಂದಿಸುತ್ತೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೇಲೆ ಎಂದೂ ಧೂಳು ಕೂರದಿರಲಿ. ನನ್ನ ಕ್ಷೇಮ ಸಮಾಚಾರ ಪತ್ರ ಮುಗಿಯುವಷ್ಟರಲ್ಲಿ ತಿಳಿಯುತ್ತದೆ.

ನನ್ನ ಕಸುಬನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರೈಲಿನಲ್ಲಿ ಬಂದ ಗೋಧಿಯಿಂದ ಒಂದು ಬೊಗಸೆ ತೆಗೆದು, ಬಿಳಿ ತಟ್ಟೆಯ ಮೇಲೆ ಹರಡಿ, ಹಿಮ ಹೊಡೆದ ಕಾಳು, ಮುರುಟಿದ ಕಾಳು, ಮೊಳಕೆಯೊಡೆದ ಕಾಳು ಎಂದು ಆರಿಸಿ, ಇಡೀ ಬೋಗಿಯನ್ನೇ ಒಂದು ದರ್ಜೆ ಕೆಳಗೆ ತಳ್ಳುವುದು ಹದಿನಾರು ವರ್ಷಗಳಿಂದ ನನ್ನ ಕೆಲಸ. ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ಇಂಥವನ ಕೈಗೆ ತಾವು ಸಿಕ್ಕಿದ್ದು, ಕುಡುಕನ ಮನೆಯ ಪಕ್ಕದಲ್ಲೇ ಹೆಂಡದಂಗಡಿ ತೆರೆದಂತಾಯಿತು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಆದರೂ ದೂರು ತಮ್ಮ ಮೇಲೆಯೇ, ಏಕೆಂದರೆ ನನ್ನ ಮೇಲೆ ನಾನೇ ದೂರು ಕೊಟ್ಟರೆ ತೆಗೆದುಕೊಳ್ಳುವವರು ಯಾರು?

ಉಂಗುರ ಬೇಕಾಗಿದ್ದು ಡೇರಿಯಾ ಬೊಡ್ನಾರ್‌ಗೆ. ಒಂಬತ್ತು ವರ್ಷಗಳಿಂದ ನನ್ನ ಜೊತೆ ಒಂದೇ ಸೂರಿನಡಿ ಇರುವ ಅವಳು ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ. ನಾನು ಕೆಳದರ್ಜೆಗೆ ತಳ್ಳಿದ ಗೋಧಿಯಲ್ಲೂ ಊರೇ ಸಾಲುಗಟ್ಟಿ ನಿಲ್ಲುವಂಥ ಬ್ರೆಡ್ ಮಾಡುತ್ತಾಳೆ. ಗಂಡಸು ಗುಟ್ಟಾಗಿ ಉಂಗುರ ಆರಿಸಿ, ಗುಟ್ಟಾಗಿ ತರಿಸಿ, ಮೊಣಕಾಲೂರಿ ಕೇಳಿದಾಗ ಹೆಣ್ಣು ಮೊದಲ ಬಾರಿಗೆ ತಿಳಿದವಳಂತೆ ಬೆರಗಾಗಬೇಕೆಂಬ ನಮ್ಮ ಪದ್ಧತಿಗೆ ತಲೆಬಾಗಿ, ಕಳೆದ ಜುಲೈನಲ್ಲಿ ನಾನು ತಮ್ಮ ಬಾಗಿಲು ತಟ್ಟಿದೆ. ಒಂದು ವಾರದ ಕೆಲಸವೆಂದುಕೊಂಡಿದ್ದೆ. ಫೆಬ್ರುವರಿ ಬಂದರೂ ತಮ್ಮ ಹೊಸ್ತಿಲಲ್ಲೇ ಇದ್ದೆ.

ಅಷ್ಟರಲ್ಲಿ ಸಾವಿರದ ನೂರ ನಲವತ್ತು ಹರಳುಗಳನ್ನು ಪರೀಕ್ಷಿಸಿದ್ದೆ. ಒಂದರಲ್ಲಿ ಮೋಡದಂಥ ಮಬ್ಬು, ಒಂದರಲ್ಲಿ ಗರಿಯಂಥ ಬಿರುಕು, ಇನ್ನೊಂದರಲ್ಲಿ ನಲವತ್ತು ಪಟ್ಟು ಹಿಗ್ಗಿಸಿದಾಗ ಮಾತ್ರ, ಅದೂ ಉಸಿರು ಬಿಗಿಹಿಡಿದು ನೋಡಿದರೆ ಮಾತ್ರ ಕಾಣುವ ಕಪ್ಪು ಚುಕ್ಕೆ. ನವೆಂಬರಿನಲ್ಲಂತೂ ಸಾಲಾಗಿ ಹನ್ನೊಂದು ಹರಳುಗಳ ಬಲ ಮೂಲೆಯಲ್ಲಿ ಒಂದೇ ಬಗೆಯ ಕಂದು ಕಲೆ ಕಂಡಾಗ, ಇದೊಂದು ದೊಡ್ಡ ಮೋಸವೆಂದು ತಮ್ಮ ಅಂಗಡಿಗೆ ಮೂರು ಪುಟಗಳ ಪತ್ರ ಬರೆದೆ. ಕಂಪ್ಯೂಟರಿನ ಪರದೆಯನ್ನು ಒಮ್ಮೆ ಒರೆಸಿ ನೋಡಬಹುದೇ ಎಂದು ಅವರು ವಿನಯದಿಂದ ಉತ್ತರಿಸಿದರು. ಒರೆಸಿದೆ. ಗೋಧಿಯ ತೌಡಿನ ಚೂರು ಬಟ್ಟೆಗೆ ಅಂಟಿಕೊಂಡು ಬಂತು. ಹದಿನಾರು ವರ್ಷದ ಅನುಭವಕ್ಕೆ ಅದರ ಗುರುತೂ ಸಿಕ್ಕಿರಲಿಲ್ಲ.

ಇಂಥ ಸೇವೆ ಮಾಡುತ್ತಿರುವ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಹರಳಿನ ತೂಕ, ಬಣ್ಣ, ಕೆತ್ತನೆಗಳನ್ನು ಸೋಸುವ ಜರಡಿಗಳ ಪಕ್ಕದಲ್ಲಿ 'ಈ ಹೆಣ್ಣು ಇನ್ನೆಷ್ಟು ದಿನ ಕಾದಾಳು' ಎಂಬ ಜರಡಿಯನ್ನೂ ದಯವಿಟ್ಟು ಇರಿಸಬೇಕು. ನೂರು ಹರಳು ನೋಡಿಯೂ ಯಾವುದನ್ನೂ ಒಪ್ಪದ ಗಿರಾಕಿ ಬಂದರೆ ತಾವು ಹರಳನ್ನು ಬಿಟ್ಟು ಅವನ ಕಡೆಗೇ ತಿರುಗಿ, ಅವನ ಮುಖವನ್ನು ನಲವತ್ತು ಪಟ್ಟು ಹಿಗ್ಗಿಸಿ ಅವನಿಗೇ ತೋರಿಸಬೇಕು. ಪ್ರಮಾಣಪತ್ರ ಕೊಡುವುದಾದರೆ ಅವನಿಗೂ ಒಂದು ಕೊಡಬೇಕು: ಮಬ್ಬು ಸಾಕಷ್ಟು, ಹೊಳಪು ಸಾಧಾರಣ, ಬಿರುಕು ಬರಿಗಣ್ಣಿಗೇ ಕಾಣುತ್ತದೆ.

ಜನವರಿ ಕೊನೆಯಲ್ಲಿ, ಇಲ್ಲಿಂದ ಒಂದು ದಿನದ ಹಾದಿಯಾದ ವಿನಿಪೆಗ್‌ನ ಹೋಟೆಲೊಂದು ಡೇರಿಯಾಳನ್ನು ತನ್ನ ಬೇಕರಿಯ ಮುಖ್ಯಸ್ಥೆಯಾಗಿ ಬರಲು ಕರೆಯಿತು. ಫೆಬ್ರುವರಿಯ ಎರಡನೇ ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಅವಳು ಆ ಕಾಗದವನ್ನು ನನ್ನ ಕಣ್ಣಿಗೆ ಬೀಳುವಂತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹೆದರಿದ ನಾನು ಮಾಡಿದ್ದೇನೆಂದರೆ, ಎರಡೇ ಚುಕ್ಕೆಗಳಿದ್ದ ಹರಳೊಂದನ್ನು ಕಣ್ಣು ಮುಚ್ಚಿ ಒಪ್ಪಿಕೊಂಡು ಉಂಗುರಕ್ಕೆ ಆರ್ಡರ್ ಕೊಟ್ಟಿದ್ದು. ಶನಿವಾರ ಅವಳ ತಾಯಿಯ ಮನೆಯಲ್ಲಿ ಪಿರೋಗಿ ಎಂಬ ಕಡುಬು ತಿನ್ನುವಾಗ ಕೇಳಬೇಕೆಂದಿದ್ದೆ. ಶುಕ್ರವಾರ ಬರುವುದು ಶನಿವಾರಕ್ಕಿಂತ ಮೊದಲು ಎಂಬುದು ಹೊಳೆಯಲಿಲ್ಲ. ಆರ್ಡರ್ ಕೊಡುವಾಗ ಬೆರಳಿನ ಅಳತೆ ಕೇಳಿದರು. ಅಳೆಯಲೆಂದು ತಮ್ಮ ಅಂಗಡಿಯವರು ಜುಲೈನಲ್ಲೇ ಬಿಟ್ಟಿಯಾಗಿ ಕಳಿಸಿದ್ದ, ಬೆಲ್ಟಿನಂತೆ ಬೆರಳಿಗೆ ಸುತ್ತಿ ತೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿಯನ್ನು ಯಾರೂ ಮುಟ್ಟದ ಜಾಗವೆಂದು ನನ್ನ ಚಳಿಗಾಲದ ಕೋಟಿನ ಒಳಜೇಬಿನಲ್ಲಿ ಬಚ್ಚಿಟ್ಟು ಮರೆತುಬಿಟ್ಟಿದ್ದೆ. ಅಂದಾಜಿನ ಮೇಲೆ ಐದು ಎಂದು ಬರೆದೆ.

ಗುಟ್ಟು ಕಾಪಾಡಲೆಂದು ತಮ್ಮವರು ಉಂಗುರವನ್ನು ಬಾಗಿಲ ಕೀಲು ಮಾರುವ ಕಂಪನಿಯ ಹೆಸರಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರಲ್ಲ, ಆ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ನಮ್ಮ ಮನೆಯಲ್ಲಿ ನಾನು ತಿಂಗಳುಗಟ್ಟಲೆ ಹೋಲಿಸಿ ತರಿಸಿ, ಹಿಡಿಸದೆ ವಾಪಸು ಕಳಿಸಿದ ಕೆಟಲ್‌ಗಳು ಮೂರು, ಟೋಸ್ಟರ್‌ಗಳು ಎರಡು, ಕೀಲುಗಳು ಲೆಕ್ಕವಿಲ್ಲದಷ್ಟು. ಗುರುವಾರ ಸಂಜೆ ನಾನು ಕೆಲಸದಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಡೇರಿಯಾ, ಕೀಲಿನ ಪೆಟ್ಟಿಗೆಯೊಂದು ಬಂದಿತ್ತೆಂದೂ, ಹೇಗೂ ವಾಪಸು ಹೋಗುವುದೇ ತಾನೇ ಎಂದು ತೆಗೆದುಕೊಳ್ಳದೆ ಕಳಿಸಿಬಿಟ್ಟೆನೆಂದೂ ತಿಳಿಸಿದಳು. ಆಮೇಲೆ ಫ್ರಿಜ್ಜಿನ ಕಾಗದವನ್ನು ಕೈಯಲ್ಲಿ ಹಿಡಿದು ಎದುರಿಗೆ ನಿಂತಳು.

"ನಾಳೆ ಅವ್ರಿಗೆ ಹೇಳ್ಬೇಕು, ಎಲಿಸ್. ನೀನು ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳು."

ಕೋಟು ಬಿಚ್ಚಲು ಹೋದ ನನ್ನ ಕೈ ಅದರ ಒಳಜೇಬಿಗೆ ಹೋಯಿತು; ಪಟ್ಟಿ ಬೆರಳಿಗೆ ತಗುಲಿತು. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಒದ್ದೆ ಕಾಲುಚೀಲ ಇದ್ದಂತೆಯೇ, ಜುಲೈನಿಂದ ನಡೆದದ್ದನ್ನೆಲ್ಲ ತೌಡಿನ ಚೂರನ್ನೂ ಬಿಡದೆ ಒಪ್ಪಿಸಿದೆ. ಅವಳು ಮೊದಲು ನಕ್ಕಳು, ಆಮೇಲೆ ನಗು ನಿಂತಿತು. ಸಾವಿರದಲ್ಲಿ ಒಂದೂ ಸರಿಯಿರಲಿಲ್ಲವೇ ಎಂದು ಕೇಳಿದಳು. ಎಲ್ಲದರಲ್ಲೂ ಏನಾದರೊಂದು ಇತ್ತು ಎಂದೆ.

"ಅಷ್ಟು ದೊಡ್ದು ಮಾಡಿ ನೋಡಿದ್ರೆ ನಾನೂ ಪಾಸಾಗ್ತಿರ್ಲಿಲ್ಲ ಕಣೋ," ಎಂದು ಕೈ ಮುಂದೆ ಚಾಚಿದಳು.

ಪಟ್ಟಿಯನ್ನು ಸುತ್ತಿದೆ. ಅದು ಏಳರಲ್ಲಿ ನಿಂತಿತು. ಆ ಬೆರಳಿನ ಗಿಣ್ಣಿನ ಮೇಲೆ ಸುಟ್ಟ ಗಾಯದ ಹಳೆಯ ಕಲೆಯಿತ್ತು, ಅಕ್ಕಿಕಾಳಿಗಿಂತ ದೊಡ್ಡದು. ಅದನ್ನು ನೋಡಲು ಯಾವ ಗಾಜೂ ಬೇಕಿರಲಿಲ್ಲ. ಇದು ಯಾವಾಗ ಆದದ್ದೆಂದು ಕೇಳಿದೆ. ನಾವು ಈ ಮನೆಗೆ ಬಂದ ಮೊದಲ ವರ್ಷ, ನಾನು ಅವಳಿಗೆಂದು ಒಲೆಯ ಬಳಿ ತೊಡುವ ಒಳ್ಳೆಯ ಕೈಗವಸು ಹುಡುಕುತ್ತಿದ್ದ ಎರಡು ತಿಂಗಳಲ್ಲಿ, ಬಿಸಿ ತಟ್ಟೆಯನ್ನು ಹಳೇ ಬಟ್ಟೆಯಲ್ಲಿ ಹಿಡಿದಾಗ ಆದದ್ದಂತೆ. ಮಾನ್ಯರೇ, ನನಗೆ ನಾಚಿಕೆಯಾಯಿತು. ಸಾವಿರ ಹರಳಿನ ಹೊಟ್ಟೆಯೊಳಗಿನ ಚುಕ್ಕೆ ಎಣಿಸಿದವನು, ಒಂಬತ್ತು ವರ್ಷ ನನ್ನ ತಟ್ಟೆಗೆ ಬ್ರೆಡ್ ಇಟ್ಟ ಕೈಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಮದುವೆಯಾಗುತ್ತೀಯಾ ಎಂದು ಕೇಳಿದೆ. ಮೊಣಕಾಲೂರಿದ್ದು ನೆನಪಿಲ್ಲ, ಒಂದು ಬೂಟಿನಲ್ಲಿ ಬಿದ್ದಿರಲೂಬಹುದು.

"ನಂಗೆ ಆ ಕೆಲ್ಸ ಬೇಕು," ಎಂದಳು. "ವಿನಿಪೆಗ್‌ಗೆ ಹೋಗೋಣ ಅಂದ್ರೆ ನೀನು ಎಷ್ಟು ತಿಂಗ್ಳು ಯೋಚ್ನೆ ಮಾಡ್ತೀಯಾ?"

"ನಡಿ," ಎಂದೆ.

ಗೋಧಿ ಅಲ್ಲಿಗೂ ಬರುತ್ತದೆ. ಅಲ್ಲಿ ಎಷ್ಟು ಪರೀಕ್ಷಕರಿದ್ದಾರೆ, ಕೆಲಸ ಸಿಗುತ್ತದೋ ಇಲ್ಲವೋ ಎಂಬುದನ್ನು ಹೋಲಿಸಿ ನೋಡಿರಲಿಲ್ಲ. ಅವಳು ಆ ಪಟ್ಟಿಯನ್ನು ಈವರೆಗೆ ಬಿಚ್ಚಿಲ್ಲ. ಹಿಟ್ಟು ನಾದುವಾಗಲೂ ತೆಗೆಯುವುದಿಲ್ಲ, ಕೈತೊಳೆದರೆ ಸ್ವಚ್ಛವಾಗುತ್ತದಂತೆ. ಆದ್ದರಿಂದ, ತಮಗೆ ಮರಳಿ ಬಂದಿರುವ ಐದನೇ ಅಳತೆಯ ಉಂಗುರವನ್ನು ಮತ್ತೆ ಕಳಿಸುವ ಶ್ರಮ ತೆಗೆದುಕೊಳ್ಳಬಾರದಾಗಿ ಕೋರುತ್ತೇನೆ.

ತಮ್ಮ ಹೊಳಪಿಗೆ ಸದಾ ಋಣಿಯಾದ, ತಮ್ಮ ವಿಶ್ವಾಸಿ,
ಎಲಿಸ್ ಹಕಾಲ

ತಾ.ಕ.: ಕೊಂಡ ವಸ್ತು ಹೇಗಿದೆಯೆಂದು ತಮ್ಮವರು ದಿನವೂ ಕೇಳುತ್ತಿರುವುದರಿಂದ ಬಿಟ್ಟಿ ಪಟ್ಟಿಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದೇನೆ. ಅದರ ಮೂರನೇ ತೂತಿನ ಪಕ್ಕದಲ್ಲಿ ಗಾಳಿಯ ಸಣ್ಣ ಗುಳ್ಳೆಯೊಂದಿದೆ. ನನಗೆ ಕಂಡಿದೆ. ಡೇರಿಯಾಗೆ ಹೇಳಿಲ್ಲ, ತಾವೂ ಹೇಳಬೇಡಿ.