ಸದರಿ ವಿಳಾಸದಲ್ಲಿ ವಿದೇಶಿಯರಿಲ್ಲ

ನಮ್ಮ ಮನೆಗೆ ನಗು ಬರುವುದು ಹೆಚ್ಚಾಗಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಸಹಿ ಹಾಕಿ ತೆಗೆದುಕೊಂಡು, ಒಡೆದು ಓದಿ, ಮೊದಲು ಅಳಬೇಕು. ನಗು ಎಂಟು ದಿನ ಬಿಟ್ಟು ತಾನಾಗಿಯೇ ಬರುತ್ತದೆ. ಎಷ್ಟೋ ವರ್ಷಗಳಿಂದ ಹೀಗೇ ನಡೆದುಕೊಂಡು ಬಂದಿದೆ.

ಕಾರಣ ನಮ್ಮ ಅತ್ತಿಗೆ. ಅಣ್ಣ ದುಬೈನ ಹೋಟೆಲೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಲ್ಲೇ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ ಶ್ರೀಲಂಕಾದ ಹುಡುಗಿಯನ್ನು ಮದುವೆಯಾಗಿ ಹೊಸದುರ್ಗಕ್ಕೆ ಕರೆತಂದ. ನಾಲ್ಕನೇ ವರ್ಷ, ಐಮಂಗಲದ ಹತ್ತಿರ ಹೈವೇಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಹಿರಿಯೂರಿನ ಆಸ್ಪತ್ರೆಯಿಂದ ಅವನನ್ನು ತಂದ ದಿನ ಎಲ್ಲರೂ ಅಂದುಕೊಂಡಿದ್ದು ಒಂದೇ: ಕಾರ್ಯ ಮುಗಿದ ಮೇಲೆ ಇವಳು ತನ್ನ ದೇಶಕ್ಕೆ ಹೋಗುತ್ತಾಳೆ. ಅವಳು ಹೋಗಲಿಲ್ಲ. ಅಂಗನವಾಡಿ ಟೀಚರ್ ಆಗಿ ನಿವೃತ್ತಿಯಾಗಿದ್ದ ನಮ್ಮಮ್ಮ ಕಳಿಸಲೂ ಇಲ್ಲ. ಅತ್ತೆ ಸೊಸೆ ಬೆಳಗಿನಿಂದ ಸಂಜೆವರೆಗೆ ಜಗಳವಾಡಿಕೊಂಡು ಒಂದೇ ಸೂರಿನಡಿ ಉಳಿದರು. ಮಗಳಾದ ನಾನು ಜಿಲ್ಲಾ ಕೇಂದ್ರ ದುರ್ಗದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿಕೊಂಡು, ಭಾನುವಾರಕ್ಕೊಮ್ಮೆ ಹೋಗಿ ಜಗಳ ನೋಡಿ ಬರುತ್ತಿದ್ದೆ.

ಇದ್ದ ಭಯ ಒಂದೇ, ವೀಸಾದ್ದು. ಅದನ್ನು ಆಗಾಗ ಮುಂದುವರಿಸಬೇಕು. ಒಂದು ಸಲ ಯಾರಾದರೂ ಆಗಲ್ಲ ಅಂದರೆ ಅತ್ತಿಗೆ ಪೆಟ್ಟಿಗೆ ಕಟ್ಟಬೇಕು. "ಅವಳು ಹೊಂಟ್ರೆ ಮಾರನೇ ದಿನ ನಾನೂ ಹೊಂಟೆ. ಅವಳು ವಿಮಾನದಾಗೆ, ನಾನು ನಾಕು ಜನರ ಹೆಗಲ ಮ್ಯಾಲೆ" ಅನ್ನುತ್ತಿದ್ದಳು ಅಮ್ಮ. ಹಾಗಾಗಿ ಅತ್ತಿಗೆಯನ್ನು ಭಾರತದ ಪ್ರಜೆ ಮಾಡುವ ಕೆಲಸ ನನ್ನ ತಲೆಗೆ ಬಂತು.

ಐದು ವರ್ಷ ಲಾಸು

ಅಣ್ಣ ಹೋಗಿ ಆರು ತಿಂಗಳಾಗಿತ್ತು. ಅತ್ತಿಗೆಯನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆ. ಗುಮಾಸ್ತರು ವಯಸ್ಸಾದವರು, ಮರ್ಯಾದಸ್ಥರು.

"ಕುಂತ್ಕಳ್ರಿ. ಯಜಮಾನ್ರು ಇಂಡಿಯಾದೋರು ಅಂದ್ಮೇಲೆ ಸುಲಭ ಐತಮ್ಮ. ಏಳು ವರ್ಷ ಇಲ್ಲಿದ್ರೆ ಸಾಕು. ಮುಂದಿನ ಸಲ ಯಜಮಾನ್ರನ್ನ ಕರ್ಕಂಡು ಬರ್ರಿ, ಸಹಿ ಬೇಕಾಗ್ತದೆ."

ನಾನು ಮರಣ ಪ್ರಮಾಣಪತ್ರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ನಿಧಾನವಾಗಿ ಮಡಿಚಿ ವಾಪಸು ಕೊಟ್ಟರು.

"ಹಂಗಾದ್ರೆ ಆ ದಾರಿ ಬ್ಯಾಡ. ಇನ್ನೊಂದು ದಾರಿ ಐತೆ, ಅದಕ್ಕೆ ಹನ್ನೆರಡು ವರ್ಷ." ಆಮೇಲೆ ನಿಜವಾಗಿಯೂ ನೊಂದುಕೊಂಡು, "ಐದು ವರ್ಷ ಲಾಸ್ ಆತಲ್ಲಮ್ಮ ನಿಮಗೆ" ಅಂದರು.

ಅತ್ತಿಗೆಗೆ ಆಗ ಕನ್ನಡ ಅಷ್ಟಕ್ಕಷ್ಟೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತನಗೆ ಬರುತ್ತಿದ್ದ ಕನ್ನಡದಲ್ಲಿ ಕೇಳಿದಳು: "ಬರೀ ಐದಾ ಸಾರ್?"

ಗುಮಾಸ್ತರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಕನ್ನಡ ಬರುತ್ತದೆ ಎಂಬ ಬಗ್ಗೆ

ಅವಳು ಇಲ್ಲಿಗೆ ಬಂದು ಹನ್ನೆರಡು ವರ್ಷ ತುಂಬುವವರೆಗೆ ಕಾದೆವು. ಅರ್ಜಿಯ ಜೊತೆ ಇಡಬೇಕಾದ ಕಾಗದಗಳಲ್ಲಿ ಭಾಷೆಯದೂ ಒಂದು. ಅರ್ಜಿದಾರರಿಗೆ ಇಲ್ಲಿಯ ಭಾಷೆ ಬರುತ್ತದೆ ಅಂತ ತಿಳಿದವರು ಬರೆದುಕೊಡಬೇಕು. ಸಿರಿಗೆರೆ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಒಪ್ಪಿದರು. ಪರೀಕ್ಷೆ ಮಾಡದೆ ಸಹಿ ಹಾಕುವವರಲ್ಲ. ಪುಸ್ತಕ ತೆಗೆದು ಒಂದು ಪುಟ ಓದಿಸಿದರು. ಅತ್ತಿಗೆ ಓದುತ್ತಿದ್ದಾಗ ಒಂದು ಕಡೆ ತಿದ್ದಿದರು.

"ಗೊತ್ತೈತೆ, ಸುಮ್ನಿರ್ರಿ" ಅಂದಳು ಅತ್ತಿಗೆ.

ಮೇಷ್ಟ್ರು ಪುಸ್ತಕ ಮುಚ್ಚಿದರು. "ನಿಮಗೆ ಕನ್ನಡ ಯಾರು ಕಲಿಸಿದ್ದು?"

"ನಮ್ಮತ್ತೆ. ಬೈದು ಬೈದು ಕಲಿಸಿದ್ರು. ನಂಗೆ ಬೈಗುಳ ಮೊದ್ಲು ಬಂತು, ಊಟ ಮಾಡಿದ್ರಾ ಅನ್ನಾದು ಆಮೇಲೆ ಬಂತು."

"ಕನಸು ಯಾವ ಭಾಷೇಲಿ ಬೀಳ್ತದೆ?" ಅಂತ ಕೇಳಿದರು. ಇದು ಪರೀಕ್ಷೆಯ ಪ್ರಶ್ನೆಯಲ್ಲ, ಸುಮ್ಮನೆ ಕುತೂಹಲ.

ಅತ್ತಿಗೆ ಯೋಚಿಸಿದಳು. "ಅವ್ರು ಬದುಕಿದ್ದಾಗ ನನ್ನ ಹತ್ರ ಬರೀ ಇಂಗ್ಲಿಷ್ ಮಾತಾಡೋರು. ಈಗ ಕನಸಿನಾಗೆ ಬಂದ್ರೆ ಕನ್ನಡಾನೇ. ನಾನು ಏನಾರ ಹೇಳಾಕೆ ಹೋದ್ರೆ ತಪ್ಪು ತಿದ್ತಾರೆ, ಮಾತು ಮುಗಿಸಾಕೇ ಬಿಡಲ್ಲ."

ಮೇಷ್ಟ್ರು ಸಹಿ ಹಾಕಿಕೊಟ್ಟರು. ಬಾಗಿಲವರೆಗೆ ಬಂದು, "ಅವ್ರು ಕನಸಿನಾಗೆ ಇನ್ನೊಂದ್ಸಲ ಬಂದ್ರೆ ನೀವೇ ತಿದ್ರಿ" ಅಂದರು.

ಫೋಟೋ ಚೆನ್ನಾಗಿ ಬಂದಿತ್ತು

ಇಂಥವರು ಪೌರತ್ವಕ್ಕೆ ಅರ್ಜಿ ಹಾಕುತ್ತಿದ್ದಾರೆ, ಆಕ್ಷೇಪಣೆ ಇದ್ದವರು ತಿಳಿಸಬೇಕು ಅಂತ ಪೇಪರಿನಲ್ಲಿ ಪ್ರಕಟಣೆ ಕೊಡಬೇಕಿತ್ತು. ಜಾಹೀರಾತು ಏಜೆಂಟ್, "ಬರೀ ಅಕ್ಷರ ಆದ್ರೆ ಯಾರೂ ಓದಲ್ಲ ಮೇಡಂ, ಫೋಟೋ ಹಾಕ್ತೀನಿ" ಅಂದ. ಹಾಕಿದ.

ನಮ್ಮ ಕಡೆ ಪೇಪರಿನ ಪ್ರಕಟಣೆ ಪುಟದಲ್ಲಿ ಹೆಣ್ಣುಮಗಳ ಫೋಟೋ ಬಂದರೆ ಅರ್ಥ ಎರಡೇ. ಒಂದೋ ಕಾಣೆಯಾಗಿರಬೇಕು, ಇಲ್ಲ ತೀರಿಕೊಂಡಿರಬೇಕು. ಅತ್ತಿಗೆ ಕಾಣೆಯಾಗುವ ಪೈಕಿ ಅಲ್ಲ ಅಂತ ಎಲ್ಲರಿಗೂ ಗೊತ್ತು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೊಳಲ್ಕೆರೆಯಿಂದ ನಮ್ಮ ಸೋದರತ್ತೆ ಬಸ್ಸಿಳಿದು, ಬೀದಿಯ ತುದಿಯಿಂದಲೇ ಅಳುತ್ತಾ ಬಂದಳು. "ಅಯ್ಯೋ ನನ್ನವ್ವಾ, ಗಂಡನ ಹಿಂದೇನೇ ಹೋದ್ಯಲ್ಲೇ." ಬಾಗಿಲು ತೆಗೆದವಳು ಅತ್ತಿಗೆ, ಕೈಯಲ್ಲಿ ಪೊರಕೆ.

ಸೋದರತ್ತೆ ಒಳಗೆ ಬಂದು ನೀರು ಕುಡಿದು, ಕಾಫಿ ಕುಡಿದು, ತಿಂಡಿ ತಿಂದು ಸುಧಾರಿಸಿಕೊಂಡಳು. ಅಷ್ಟು ದೂರ ಅತ್ತುಕೊಂಡು ಬಂದದ್ದು ಹೀಗಾಯಿತಲ್ಲ ಅಂತ ಮುಖ ಸ್ವಲ್ಪ ಸಪ್ಪಗಿತ್ತು. ಹೊರಡುವಾಗ ಪೇಪರನ್ನು ಮತ್ತೊಮ್ಮೆ ನೋಡಿದಳು.

"ಫೋಟೋ ಚೆಂದ ಬಂದೈತೆ ಕಣೇ. ಇದನ್ನೇ ಎತ್ತಿಟ್ಕ. ಆವಾಗ ಹುಡುಕಾದು ತಪ್ತದೆ."

ತೆಂಗಿನಹಾಲು

ಅರ್ಜಿದಾರರ ನಡತೆ ಒಳ್ಳೆಯದು ಅಂತ ಅವರನ್ನು ಬಲ್ಲವರು ಪ್ರಮಾಣಪತ್ರ ಮಾಡಿಸಿಕೊಡಬೇಕು. ಅಮ್ಮ ತಾನೇ ಕೊಡುತ್ತೇನೆ ಅಂದಳು. ತಾಲ್ಲೂಕು ಕಚೇರಿ ಹತ್ತಿರ ಒಬ್ಬ ನೋಟರಿ ವಕೀಲರ ಮುಂದೆ ಕೂರಿಸಿದೆ.

"ಹೇಳಿ ಅಜ್ಜಿ, ಬರ್ಕಳ್ತೀನಿ" ಅಂದರು ವಕೀಲರು.

"ಬರ್ಕಳಪ್ಪ. ನನ್ನ ಸೊಸೆ ಬಿಸಿಲು ಬಂದ್ಮೇಲೆ ಏಳ್ತಾಳೆ. ಎಲ್ಲಾದಕ್ಕೂ ತೆಂಗಿನಹಾಲು ಸುರೀತಾಳೆ, ಉಪ್ಸಾರಿಗೂ ಬಿಡಲ್ಲ. ಹೇಳಿದ್ದು ಒಂದೂ ಕೇಳಲ್ಲ."

"ಅಜ್ಜಿ, ಇದು ಒಳ್ಳೇ ನಡತೆ ಬಗ್ಗೆ."

"ಅದನ್ನೇ ಹೇಳ್ತಾ ಇರಾದು. ಮಗ ಹೋದಾಗ ಮೂರು ದಿನ ಊಟ ಬಿಟ್ಟಿದ್ದೆ. ನಾಕನೇ ದಿನ ಅನ್ನಕ್ಕೆ ತೆಂಗಿನಹಾಲು ಹಾಕಿ ಏನೋ ಮಾಡ್ಕಂಡು ಬಂದು ಬಾಯಿಗೆ ತುರುಕಿದ್ಲು. ಬ್ಯಾಡ ಅಂದೆ. ಹೇಳಿದ್ದು ಕೇಳಲ್ಲ ಅಂದ್ನಲ್ಲ, ಕೇಳ್ಲಿಲ್ಲ. ಅವಳಿಗೂ ಗಂಡ ಹೋಗಿದ್ದ, ಅದು ನಂಗೆ ಆವಾಗ ಹೊಳೀಲಿಲ್ಲ."

ವಕೀಲರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಟೈಪ್ ಮಾಡಿಸಿ ಓದಿ ಹೇಳಿದರು: "ಅರ್ಜಿದಾರರು ಸನ್ನಡತೆಯುಳ್ಳವರೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ."

ಅಮ್ಮ ಪೆನ್ನು ಹಿಡಿಯಲಿಲ್ಲ. "ಇಷ್ಟೇನಾ? ತೆಂಗಿನಹಾಲು ಎಲ್ಲಿ?"

ಬೀದಿಯ ಸಾಕ್ಷಿ

ಪೊಲೀಸರು ಬಂದು ವಿಚಾರಿಸುವುದು ಇದ್ದೇ ಇರುತ್ತದೆ. ಬಂದ ದಿನ ಅತ್ತೆ ಸೊಸೆ ಇಬ್ಬರೂ ಕಾಗದಕ್ಕೆ ನನ್ನ ಸಹಿ ಬೇಕು ಅಂತ ದುರ್ಗಕ್ಕೆ ಬಂದಿದ್ದರು. ಮನೆಗೆ ಬೀಗ. ಪೊಲೀಸಪ್ಪ ಪಕ್ಕದ ಅಂಗಡಿಯಲ್ಲಿ ಕೇಳಿದ: "ಈ ಮನೇಲಿ ಫಾರಿನ್ ಹೆಂಗಸು ಒಬ್ರು ಇದಾರಂತಲ್ಲ?"

ನಮ್ಮ ಬೀದಿಯ ಅರ್ಧ ಜನ ಅಮ್ಮನ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿಂದು ಬೆಳೆದವರು. ಟೀಚರ್ ಸೊಸೆಯನ್ನು ಹಿಡಿದುಕೊಂಡು ಹೋಗಲು ಪೊಲೀಸು ಬಂದಿದೆ ಅಂತ ಒಂದು ನಿಮಿಷದಲ್ಲಿ ಬೀದಿಗೆಲ್ಲ ಗೊತ್ತಾಯಿತು.

"ಫಾರಿನ್ನೋರಾ? ಈ ಬೀದೀಲಾ? ಇದ್ದಿದ್ರೆ ನಾವೇ ಹೇಳ್ತಿದ್ವಿ ಸಾರ್" ಅಂದ ಅಂಗಡಿಯವನು.

"ಆ ಮನೆ ಸೊಸೆ?"

"ಅಯ್ಯೋ, ಅವಳು ನಮ್ಮೂರ ಹುಡುಗಿ. ಲಂಗ ಹಾಕ್ಕಂಡು ಇಲ್ಲೇ ಓಡಾಡಿಕಂಡಿದ್ದೋಳು."

ಎದುರು ಮನೆಯ ಟೈಲರಮ್ಮ ಕೈಯಲ್ಲಿ ಟೇಪು ಹಿಡಿದೇ ಬಂದಳು. "ಸಾರ್, ನಾನೂ ಅವಳೂ ಏಳನೇ ಕ್ಲಾಸು ಒಟ್ಟಿಗೆ ಓದಿದ್ದು. ನಾನು ಪಾಸು, ಅವಳು ಫೇಲು."

ಎರಡು ತಿಂಗಳ ಮೇಲೆ ರಿಜಿಸ್ಟರ್ಡ್ ಪೋಸ್ಟು ಬಂತು. ಸದರಿ ವಿಳಾಸದಲ್ಲಿ ಯಾವುದೇ ವಿದೇಶಿ ಪ್ರಜೆ ವಾಸವಿರುವುದು ಕಂಡುಬಂದಿಲ್ಲ. ಹಾಗಾದರೆ ಅರ್ಜಿದಾರರು ಎಲ್ಲಿದ್ದಾರೆ, ತಿಳಿಸದೆ ವಿಳಾಸ ಬದಲಿಸಿದ್ದೇಕೆ, ಕ್ರಮ ಏಕೆ ಕೈಗೊಳ್ಳಬಾರದು. ಅರ್ಜಿಯೂ ಹೋಗಿ, ವೀಸಾವೂ ಹೋಗುವ ಹಾಗಾಯಿತು. ಅಂಗಲಾಚಿ ಇನ್ನೊಂದು ವಿಚಾರಣೆಗೆ ಒಪ್ಪಿಸಿ ಬಂದೆ.

ಅಮ್ಮನಿಗೆ ಅಷ್ಟೊತ್ತಿಗೆ ಉಸಿರಾಟದ ತೊಂದರೆ ಜೋರಾಗಿತ್ತು. ಆದರೂ ಬೀದಿಯವರನ್ನೆಲ್ಲ ಜಗಲಿ ಮುಂದೆ ಕರೆಸಿದಳು. "ಅ ಆ ಇ ಈ ನಾನು ಕಲಿಸ್ದೆ. ಸುಳ್ಳು ಹೇಳಾದು ಯಾರು ಕಲಿಸಿದ್ರು ನಿಮಗೆ?" ಗಂಡು ಹೆಣ್ಣು, ಮೊಮ್ಮಕ್ಕಳನ್ನು ಕಂಡವರು, ಎಲ್ಲರೂ ತಲೆ ತಗ್ಗಿಸಿದರು. ಅಮ್ಮ ಅತ್ತಿಗೆಯನ್ನು ಎಳೆದು ಪಕ್ಕ ನಿಲ್ಲಿಸಿಕೊಂಡಳು. "ಹೇಳ್ರಿ. ಇವಳು ಯಾರು?"

"ಹೊರದೇಶದೋಳು, ಟೀಚರ್."

"ಜೋರಾಗಿ."

"ಹೊರದೇಶದೋಳು, ಟೀಚರ್."

ಮೂರು ಸಲ ಹೇಳಿಸಿದಳು. ಅತ್ತಿಗೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಸಮಾಧಾನ ಮಾಡಲು ಹೋದರೆ ಹೇಳಿದಳು: "ಏಳನೇ ಕ್ಲಾಸಿನಾಗೆ ಫೇಲಾಗಿದ್ದೇ ಚೆನ್ನಾಗಿತ್ತು."

ಎರಡನೇ ವಿಚಾರಣೆ

ಎರಡನೇ ಸಲ ಪೊಲೀಸು ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಹೋಗಿ ಐದನೇ ದಿನ. ಮನೆ ಮುಂದೆ ಶಾಮಿಯಾನ, ಕುರ್ಚಿ ತುಂಬ ಬೀದಿಯವರು. ಜಗಲಿಯ ಮೇಲೆ ಅಮ್ಮನ ಫೋಟೋಕ್ಕೆ ಹಾರ. ಹೊಸಬ ಪೊಲೀಸಪ್ಪ, ಪಾಪ, ಬಂದ ಕಾಲದಲ್ಲಿ ಹೀಗಿದೆಯಲ್ಲ ಅಂತ ಮುಜುಗರಪಟ್ಟುಕೊಂಡು ಮೂಲೆಯಲ್ಲಿ ಕೂತ. ಅತ್ತಿಗೆ ಒಳಬಾಗಿಲಲ್ಲಿ ಸೋದರತ್ತೆಯ ಹೆಗಲ ಮೇಲೆ ಬಿದ್ದು, "ನನ್ನ ಬೈಯೋರು ಯಾರೂ ಇಲ್ದಂಗಾತಲ್ಲವ್ವಾ" ಅಂತ ಅಪ್ಪಟ ಹೊಸದುರ್ಗದ ರಾಗದಲ್ಲಿ ಅಳುತ್ತಿದ್ದಳು. ನನಗೆ ಅಳು ಬರುತ್ತಿರಲಿಲ್ಲ. ಏನಾದರೂ ಮಾಡೋಣ ಅಂತ ಪೊಲೀಸಪ್ಪನಿಗೆ ಕಾಫಿ ಮಾಡಲು ಹೋದೆ. ಸಕ್ಕರೆ ಡಬ್ಬಿ ಸಿಗಲಿಲ್ಲ. ಹೊರಗೆ ಬಂದು ಟೈಲರಮ್ಮನನ್ನು ಕೇಳಿದೆ: "ನಮ್ಮ ಮನೆಯಲ್ಲಿ ಸಕ್ಕರೆ ಎಲ್ಲಿಡುತ್ತಾರೆ?"

ಪೊಲೀಸಪ್ಪ ಇದನ್ನು ನೋಡಿದ. ಫೈಲು ತೆರೆದು ನನ್ನ ಹತ್ತಿರ ಬಂದು, ಕಿವಿ ಕೇಳದವರಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಕೇಳಿದ: "ಮೇಡಂ. ನಿಮ್ಮ. ಪಾಸ್‌ಪೋರ್ಟ್. ತೋರಿಸ್ರಿ."

"ನಾನು ತೀರಿಕೊಂಡವರ ಮಗಳು. ದುರ್ಗದಲ್ಲಿ ಉಪನ್ಯಾಸಕಿಯಾಗಿದ್ದೇನೆ" ಅಂದೆ.

ಅವನು ಮೆಚ್ಚಿ ತಲೆದೂಗಿದ. "ಪರವಾಗಿಲ್ಲ ಮೇಡಂ. ಕನ್ನಡ ಚೆನ್ನಾಗಿ ಕಲ್ತಿದೀರಿ."

ಅತ್ತಿಗೆ ಕಣ್ಣೊರೆಸಿಕೊಂಡು ಎದ್ದು ಬಂದಳು. "ಅವಳಲ್ಲ ಸಾರ್, ನಾನು."

"ನೀವು ಸುಮ್ನಿರಮ್ಮ, ದುಃಖದಾಗೆ ಇದೀರಿ" ಅಂತ ಅವಳನ್ನು ಪಕ್ಕಕ್ಕೆ ಕಳಿಸಿ, ಶಾಮಿಯಾನದ ಕಡೆ ತಿರುಗಿ ಅವಳ ಕಡೆ ಕೈ ತೋರಿಸಿದ. "ನೀವೇ ಹೇಳ್ರಪ್ಪ. ಇವರು ಯಾರು?"

ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಇಡೀ ಬೀದಿ ಎದ್ದು ನಿಂತು, ಪೊಲೀಸಪ್ಪನ ಕಡೆ ನೋಡದೆ, ಜಗಲಿಯ ಮೇಲಿನ ಫೋಟೋ ನೋಡಿಕೊಂಡು ಹೇಳಿತು:

"ಹೊರದೇಶದೋಳು, ಟೀಚರ್."

ನನಗೆ ಆಗ ಅಳು ಬಂತು.

ಪೊಲೀಸಪ್ಪ ಬರೆದುಕೊಂಡು ಹೋದ. ಮುಂದಿನದು ನಿಧಾನ. ಆ ನಡುವೆ ಅತ್ತಿಗೆಯನ್ನು ಕೇಳಿದೆ, ಅಮ್ಮನೇ ಇಲ್ಲದ ಮೇಲೆ ನಿನಗೆ ಈ ಕಾಗದ ಇನ್ನೂ ಬೇಕಾ ಅಂತ. "ಅಲ್ಲಿಗೆ ಹೋಗಿ ಯಾರಿಗೆ ಬೈಲಿ? ಅಲ್ಲಿಯೋರಿಗೆ ಅತ್ತೆ ಬೈಗುಳ ಒಂದೂ ಅರ್ಥ ಆಗಲ್ಲ" ಅಂದಳು.

ಒಂದು ವರ್ಷದ ಮೇಲೆ ಕಾಗದ ಬಂತು. ಭಾರತದ ಪ್ರಜೆ. ಅಮ್ಮನ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾಳೆ.

ಮೊನ್ನೆ ಭಾನುವಾರ ಹೋಗಿದ್ದೆ. ಕಾಫಿ ನಾನೇ ಮಾಡುತ್ತೇನೆ ಅಂತ ಅಡುಗೆಮನೆಗೆ ನುಗ್ಗಿ, ಸಕ್ಕರೆ ಎಲ್ಲಿ ಅಂತ ಕೂಗಿದೆ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, ಕಚೇರಿಯವರ ಹಾಗೆ ಕೈ ಚಾಚಿದಳು.

"ಮೊದ್ಲು ವಿಳಾಸದ ಪುರಾವೆ ತೋರಿಸ್ರಿ."